ಮೊಬೈಲಿನಲ್ಲೂ ಓದುವುದುಂಟು

ಪ್ರತಿ ಸಲ ಈ ಅಂಕಣದಲ್ಲಿ ಒಂದೆರಡು ಪುಸ್ತಕಗಳ ಪರಿಚಯ ಮಾಡಿಕೊಡುವುದು ವಾಡಿಕೆ. ಈ ಸಲ ಪುಸ್ತಕದ ಕಪಾಟು ಬಿಟ್ಟು ಬೇರೆ ಕಡೆ ಹೊರಟಿದ್ದೇನೆ. ಅದಕ್ಕೆ ಕಾರಣ ನನ್ನ ಅಕ್ಕನ ಮಗಳು.

ಒಂದು ಭಾನುವಾರ ನಾವಿಬ್ಬರೂ ಡೊಂಬಿವಲಿಯಿಂದ ದಾದರಿಗೆ ಲೋಕಲ್ ಗಾಡಿಯಲ್ಲಿ ಬರುತ್ತಿದ್ದೆವು. ಠಾಣೆ ದಾಟಿದರೂ ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅದನ್ನ ಒಳಗಿಡು, ಏನಾದರೂ ಓದು" ಎಂದು ಗದರಿಸಿದೆ. "ಮಾಮಾ, ಓದಾಕತ್ತೀನಲ್ಲ!" ಎಂದು ಅವಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. ನೋಡಿದರೆ ಚಿತ್ರಕಥೆ! ನನಗೆ ನಾಚಿಕೆಯಾಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಇದೇ ಮುಂಬಯಿಯಿಂದ ಶುರು ಮಾಡಿದ ಅಮರ ಚಿತ್ರಕಥೆಯನ್ನು ಪಾಠದ ಪುಸ್ತಕದೊಳಗೆ ಬಚ್ಚಿಟ್ಟು ಓದಿ ಬೈಸಿಕೊಂಡವನು ನಾನು. ಈಗ ಬೈಯುವ ಸರದಿ ನನ್ನದಾಗಿತ್ತು.

ಆ ದಿನದಿಂದ ಅವಳೇ ನನಗೆ ಗುರು. ಅವಳು ಹೇಳಿಕೊಟ್ಟು ನಾನು ಮೆಚ್ಚಿದ ನಾಲ್ಕು ವೆಬ್‌ಕಾಮಿಕ್‌ಗಳನ್ನು ಇಲ್ಲಿ ಹೇಳುತ್ತೇನೆ. ವೆಬ್‌ಕಾಮಿಕ್ ಎಂದರೆ ಚಿತ್ರಕಾರರು ನೇರವಾಗಿ ಅಂತರ್ಜಾಲದಲ್ಲಿ ಪ್ರಕಟಿಸುವ ಚಿತ್ರಕಥೆ. ವಾರಕ್ಕೆ ಒಂದೋ ಎರಡೋ ಪುಟ ಬರುತ್ತದೆ, ಹಳೆಯ ಪುಟಗಳೂ ಅಲ್ಲೇ ಇರುತ್ತವೆ. ಸಾಮಾನ್ಯವಾಗಿ ಓದಲು ದುಡ್ಡು ಕೊಡಬೇಕಿಲ್ಲ. ಮೆಚ್ಚಿದವರು ಮುಂದೆ ಪುಸ್ತಕ ಕೊಳ್ಳುತ್ತಾರೆ, ಚಿತ್ರಕಾರರ ಹೊಟ್ಟೆಪಾಡು ನಡೆಯುತ್ತದೆ.

ಮೊದಲನೆಯದು ಎಕ್ಸ್‌ಕೆಸಿಡಿ. ಹೆಸರಿಗೆ ಅರ್ಥ ಹುಡುಕಬೇಡಿ, ಅದು ಬರೀ ನಾಲ್ಕು ಅಕ್ಷರ. ನಾಸಾದಲ್ಲಿ ರೋಬೋಟುಗಳ ಕೆಲಸ ಮಾಡುತ್ತಿದ್ದ ಅಮೆರಿಕದ ರ‍್ಯಾಂಡಲ್ ಮನ್ರೋ 2005ರಲ್ಲಿ ಇದನ್ನು ಆರಂಭಿಸಿದರು. ಮನುಷ್ಯರೆಂದರೆ ಇಲ್ಲಿ ಒಂದು ಸೊನ್ನೆ, ಐದು ಗೀಟು, ಅಷ್ಟೇ. ಆದರೆ ಅದೇ ಗೀಟುಗಳಲ್ಲಿ ಗಣಿತ, ವಿಜ್ಞಾನ, ಪ್ರೀತಿ, ಒಂಟಿತನ ಎಲ್ಲವೂ ಬರುತ್ತವೆ. 2013ರಲ್ಲಿ ಅವರು 'ಟೈಮ್' ಎಂಬ ಒಂದು ಕಂತು ಹಾಕಿದರು. ಸಮುದ್ರದ ದಂಡೆಯಲ್ಲಿ ಇಬ್ಬರು ಮರಳಿನ ಕೋಟೆ ಕಟ್ಟುತ್ತಿರುತ್ತಾರೆ. ಚಿತ್ರ ಮೊದಲು ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ತಾನಾಗಿ ಬದಲಾಗುತ್ತಾ ಹೋಯಿತು. ನಾಲ್ಕು ತಿಂಗಳಲ್ಲಿ 3,099 ಚಿತ್ರಗಳಾದವು! ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. "ನನಗೆ ಚಿತ್ರ ಬರೆಯಲು ಬರುವುದಿಲ್ಲ" ಎನ್ನುವವರು ಇದನ್ನು ಮೊದಲು ಓದಬೇಕು.

ಎರಡನೆಯದು ನಮ್ಮ ಬೆಂಗಳೂರಿನದು, ಆರತಿ ಪಾರ್ಥಸಾರಥಿಯವರ 'ರಾಯಲ್ ಎಕ್ಸಿಸ್ಟೆನ್ಶಿಯಲ್ಸ್'. 2014ರಲ್ಲಿ ಶುರುವಾಯಿತು. ಇದರಲ್ಲಿ ಹೊಸ ಚಿತ್ರಗಳೇ ಇಲ್ಲ. ಮೊಗಲರ ಕಾಲದ ಕಿರುಚಿತ್ರಗಳಲ್ಲಿರುವ ರಾಜರು, ಬೇಗಮರು ಇಂದಿನ ನಮ್ಮ ಸಂಕಟಗಳನ್ನು ಮಾತಾಡಿಕೊಳ್ಳುತ್ತಾರೆ. ನಗು ಬರುತ್ತದೆ, ನಕ್ಕ ಮೇಲೆ ಯೋಚನೆಯೂ ಬರುತ್ತದೆ.

ಮೂರನೆಯದು ಉರ್ಸುಲಾ ವರ್ನನ್ ಅವರ 'ಡಿಗ್ಗರ್'. ಆಸ್ಟ್ರೇಲಿಯಾದ ವಾಂಬ್ಯಾಟ್ ಎಂಬ ಬಿಲ ತೋಡುವ ಪ್ರಾಣಿ ಇದರ ನಾಯಕಿ. ಅವಳು ಸುರಂಗ ತೋಡುತ್ತಾ ದಾರಿ ತಪ್ಪಿ ಮೇಲೆ ಬಂದರೆ ಎಲ್ಲಿ? ಒಂದು ದೇವಸ್ಥಾನದಲ್ಲಿ, ಗಣಪತಿಯ ವಿಗ್ರಹದ ಮುಂದೆ! ವಿಗ್ರಹ ಅವಳೊಡನೆ ಮಾತನಾಡುತ್ತದೆ. ದೇವರು, ಮಾಟಮಂತ್ರ ಯಾವುದನ್ನೂ ಸುಲಭಕ್ಕೆ ಒಪ್ಪದ ಈ ನಾಯಕಿ ಮನೆಯ ದಾರಿ ಹುಡುಕುವುದೇ ಕಥೆ. 2011ರಲ್ಲಿ ಮುಗಿಯಿತು, 2012ರಲ್ಲಿ ಇದಕ್ಕೂ ಹ್ಯೂಗೋ ಬಂತು, ಪುಸ್ತಕವಾಗಿಯೂ ಬಂದಿದೆ.

ನಾಲ್ಕನೆಯದೇ ಅಂದು ಗಾಡಿಯಲ್ಲಿ ಅವಳು ಓದುತ್ತಿದ್ದದ್ದು, ಮಿನ್ನಾ ಸುಂಡ್‌ಬರ್ಗ್ ಅವರ 'ಸ್ಟ್ಯಾಂಡ್ ಸ್ಟಿಲ್, ಸ್ಟೇ ಸೈಲೆಂಟ್'. 2013ರಲ್ಲಿ ಆರಂಭವಾಗಿ 2022ರಲ್ಲಿ ಮುಗಿದ ಕಥೆ. ಮಹಾಮಾರಿಯೊಂದು ಲೋಕವನ್ನೇ ನುಂಗಿ ತೊಂಬತ್ತು ವರ್ಷಗಳಾಗಿವೆ. ಉಳಿದಿರುವುದು ಯುರೋಪಿನ ಉತ್ತರದ ಕೆಲವೇ ನಾಡುಗಳು. ಪಾಳುಬಿದ್ದ ಪ್ರದೇಶದಲ್ಲಿ ಹಳೆಯ ಪುಸ್ತಕ ಹುಡುಕಿ ತರಲು ಒಂದು ಸಣ್ಣ ತಂಡ ಹೊರಡುತ್ತದೆ. ಒಬ್ಬಳು ನಾರ್ವೆಯವಳು, ಒಬ್ಬ ಡೆನ್ಮಾರ್ಕಿನವನು, ಎಮಿಲ್ ಸ್ವೀಡನ್ನಿನವನು, ಲಲ್ಲಿ ಎಂಬ ಹುಡುಗ ಫಿನ್‌ಲೆಂಡಿನವನು. ಯಾರು ಯಾವ ಭಾಷೆ ಆಡುತ್ತಿದ್ದಾರೆಂದು ತಿಳಿಸಲು ಮಾತಿನ ಗುಳ್ಳೆಯಲ್ಲಿ ಆ ದೇಶದ ಪುಟ್ಟ ಬಾವುಟ ಇರುತ್ತದೆ. ಲಲ್ಲಿಗೆ ಫಿನ್ನಿಶ್ ಬಿಟ್ಟು ಬೇರೆ ಬಾರದು, ಎಮಿಲ್‌ಗೆ ಫಿನ್ನಿಶ್ ಬಾರದು. ಲಲ್ಲಿಯ ಅಕ್ಕನಂಥ ತೂರಿ ಎಂಬವಳು ನಡುವೆ ನಿಂತು ತಿಳಿಸಿ ಹೇಳುತ್ತಾಳೆ. ಆದರೆ ಒಂದು ಹಂತದಲ್ಲಿ ಈ ಇಬ್ಬರು ಹುಡುಗರೇ ಹಿಮದಲ್ಲಿ ನಡೆಯಬೇಕಾಗುತ್ತದೆ. ತಿಳಿಸಿ ಹೇಳುವವರು ಯಾರೂ ಇಲ್ಲ.

ಆ ಪುಟ ತೋರಿಸಿ ಹುಡುಗಿ ಹೇಳಿದಳು: "ಮಾಮಾ, ಇದು ನಾನು ಮತ್ತ ಅಜ್ಜಿ."

ನಾನು ಸುಮ್ಮನಾದೆ. ಅಜ್ಜಿ ಎಂದರೆ ನನ್ನ ತಾಯಿ. ಧಾರವಾಡದಿಂದ ಎರಡು ತಿಂಗಳ ಮಟ್ಟಿಗೆ ಅಕ್ಕನ ಮನೆಗೆ ಬಂದಿದ್ದರು. ಅವರಿಗೆ ಕನ್ನಡ ಒಂದೇ. ಮೊಮ್ಮಗಳಿಗೆ ಮನೆಯ ನಾಲ್ಕು ಮಾತು ಬಿಟ್ಟರೆ ಮರಾಠಿ, ಹಿಂದಿ, ಇಂಗ್ಲಿಷು. ಅಕ್ಕ ಆಫೀಸಿಗೆ ಹೋದರೆ ಆ ಮನೆಯಲ್ಲೂ ತೂರಿ ಇಲ್ಲ. ಅಜ್ಜಿ ಏನೋ ಕೇಳುತ್ತಾರೆ, ಇವಳು "ಹ್ಞೂಂ" ಎನ್ನುತ್ತಾಳೆ. ದಿನ ಕಳೆಯುತ್ತದೆ.

ಮರುದಿನ ಅವಳು ಅದೇ ಪುಟವನ್ನು ಅಜ್ಜಿಗೂ ತೋರಿಸಿದಳಂತೆ. "ಯಾಕ ಈ ಹುಡುಗ್ರು ಮಾತಾಡಂಗಿಲ್ಲೇನು?" ಎಂದು ಅಜ್ಜಿ ಕೇಳಿದರಂತೆ. ಕೈಸನ್ನೆಯಲ್ಲಿ, ಅರೆಬರೆ ಕನ್ನಡದಲ್ಲಿ ಇವಳು ಕಥೆ ಹೇಳಿದಳು. ಆಮೇಲೆ ಎಕ್ಸ್‌ಕೆಸಿಡಿಯ ಹಾಗೆ ಮೂರು ಚೌಕ ಹಾಕಿ, ಗೀಟಿನ ಅಜ್ಜಿಯನ್ನೂ ಗೀಟಿನ ಮೊಮ್ಮಗಳನ್ನೂ ಬರೆದಳು. ಅಜ್ಜಿಯ ಗುಳ್ಳೆಯಲ್ಲಿ "ಊಟ ಮಾಡಿದೇನವಾ?" ಎಂದು ತುಂಬಿದಳು, ಮರಾಠಿ ಲಿಪಿಯಲ್ಲಿ! ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. "ಇದು ನನಗ ಓದಾಕ ಬರಂಗಿಲ್ಲವಾ" ಎಂದವರೇ ಪೆನ್ನು ತೆಗೆದುಕೊಂಡು ಅದರ ಕೆಳಗೇ ಕನ್ನಡದಲ್ಲಿ ಬರೆದರು. ಮುಂದಿನ ಚೌಕದಲ್ಲಿ ಮೊಮ್ಮಗಳು ಆ ಅಕ್ಷರ ನೋಡಿ ನೋಡಿ ತಿದ್ದಿದಳು.

ಅಜ್ಜಿ ಊರಿಗೆ ಮರಳುವ ಹೊತ್ತಿಗೆ ಒಂದು ನೋಟ್‌ಬುಕ್ ತುಂಬಿತ್ತು. ಅವಳಿಗೆ ಕನ್ನಡ ಪೂರ್ತಿ ಬಂತು ಎಂದು ನಾನು ಹೇಳುವುದಿಲ್ಲ. ಒತ್ತಕ್ಷರ ಕಂಡರೆ ಈಗಲೂ ತಡವರಿಸುತ್ತಾಳೆ. ಆದರೆ ಫೋನಿನಲ್ಲಿ ಅಜ್ಜಿಯೊಡನೆ ಮಾತಾಡಲು ಈಗ ತಾಯಿಯನ್ನು ಕರೆಯುವುದಿಲ್ಲ.

ಆದ್ದರಿಂದ ಗೆಳೆಯರೇ, ಈ ನಾಲ್ಕನ್ನೂ ಓದಿ. ಉದ್ದ ಕಥೆಗಳನ್ನು ಮೊದಲ ಪುಟದಿಂದಲೇ ಆರಂಭಿಸಿ, ನಡುವೆ ಹೊಕ್ಕರೆ ಏನೂ ತಿಳಿಯದು. ದಿನಕ್ಕೆ ಹತ್ತು ಪುಟ ಸಾಕು, ಪರೀಕ್ಷೆಯ ಹಿಂದಿನ ರಾತ್ರಿ ಬೇಡ. ಓದಿದ ಮೇಲೆ ನೀವೂ ಮೂರು ಚೌಕ ಹಾಕಿ, ಮನೆಯ ಹಿರಿಯರ ಒಂದು ಮಾತನ್ನು ಗುಳ್ಳೆಯಲ್ಲಿಡಿ. ಲಿಪಿ ಬಾರದಿದ್ದರೆ ಅವರ ಕೈಯಿಂದಲೇ ಬರೆಸಿ. ಅಜ್ಜ ಅಜ್ಜಿ ಊರಲ್ಲಿದ್ದರೆ ಫೋನು ಮಾಡಿ ಕೇಳಿ.

ಬರೆದದ್ದನ್ನು ಸಂಘದ ಕಚೇರಿಗೆ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಬಿಟ್ಟುಕೊಡಲು ಸಂಪಾದಕರು ಒಪ್ಪಿದ್ದಾರೆ. ಗೀಟು ಸೊಟ್ಟಗಿದ್ದರೂ ಚಿಂತೆಯಿಲ್ಲ, ಮಾತು ನಿಮ್ಮ ಮನೆಯದಾಗಿರಲಿ.

ಮತ್ತೆ ಭೇಟಿಯಾಗೋಣ.