ಬಾಗಿಲಲ್ಲಿ ನಿಲ್ಲುವುದಕ್ಕೂ ಬಾಡಿಗೆ

ಅಮೆರಿಕಾ ದೇಶದಲ್ಲಿ ಡಾಕ್ಟರಾಗಬೇಕೆಂದು ಹೊರಟ ಹುಡುಗ ಹುಡುಗಿಯರಲ್ಲಿ ಅನೇಕರು ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವುದಕ್ಕೆ ಮೊದಲೇ ಇನ್ನೊಂದು ಪದವಿಯನ್ನು ಹಣ ತೆತ್ತು ಸಂಪಾದಿಸುತ್ತಿದ್ದಾರೆ. ಅದಕ್ಕೆ ಅಲ್ಲಿ 'ಸ್ಪೆಷಲ್ ಮಾಸ್ಟರ್ಸ್' ಎಂದು ಹೆಸರು. ಹೆಸರಿಗೆ ಅದು ಸ್ನಾತಕೋತ್ತರ ಪದವಿ. ನಿಜವಾಗಿ ನೋಡಿದರೆ ಒಳಗೆ ಬಿಡುವರೋ ಇಲ್ಲವೋ ಎಂದು ಬಾಗಿಲ ಬಳಿ ಕಾಯುವವರ ಸಾಲು. ಸಮುದ್ರದಾಚೆಯ ಈ ಸಂಗತಿ ಗಿರಣಿಯಲ್ಲಿ ದುಡಿಯುವವನಿಗೂ ಸಂತೆಪೇಟೆಯ ಸಣ್ಣ ಅಂಗಡಿಕಾರನಿಗೂ ಯಾತಕ್ಕೆ ಎಂದು ಕೆಲವರು ಕೇಳಬಹುದು. ಮಕ್ಕಳನ್ನು ಡಾಕ್ಟರು ಮಾಡಬೇಕೆಂಬ ಆಸೆ ಶ್ರೀಮಂತರ ಮನೆಗೆ ಮಾತ್ರ ಸೇರಿದ್ದಲ್ಲ. ಆ ಆಸೆಯ ಮೇಲೆ ವ್ಯಾಪಾರ ನಡೆಯುವುದು ಹೇಗೆ ಎಂಬುದನ್ನು ಅಮೆರಿಕಾದ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು.

ಮೊದಲು ಅಲ್ಲಿನ ಪದ್ಧತಿಯನ್ನು ತಿಳಿದುಕೊಳ್ಳೋಣ. ನಮ್ಮಲ್ಲಿ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿ ನೀಟ್ ಪರೀಕ್ಷೆ ಬರೆದು ನೇರವಾಗಿ ಎಂ.ಬಿ.ಬಿ.ಎಸ್. ಸೇರುತ್ತಾನೆ. ಅಮೆರಿಕಾದಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಅಲ್ಲಿ ಮೊದಲು ನಾಲ್ಕು ವರ್ಷ ಓದಿ ಒಂದು ಡಿಗ್ರಿ ಪಡೆಯಬೇಕು. ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸುಮಾರು ಏಳೂವರೆ ಗಂಟೆ ನಡೆಯುವ ಈ ಪರೀಕ್ಷೆಯಲ್ಲಿ ಗಳಿಸಬಹುದಾದ ಅತಿ ಹೆಚ್ಚಿನ ಅಂಕ 528. ಅನಂತರ ವೈದ್ಯಕೀಯ ಕಾಲೇಜಿನಲ್ಲಿ ನಾಲ್ಕು ವರ್ಷ. ಅದಾದ ಮೇಲೆ ಆಸ್ಪತ್ರೆಯಲ್ಲಿ 3ರಿಂದ 7 ವರ್ಷ ತರಬೇತಿ. ಹದಿನೆಂಟರಲ್ಲಿ ಹೊರಟವನು ಸ್ವತಂತ್ರವಾಗಿ ರೋಗಿಯ ನಾಡಿ ಹಿಡಿಯುವ ಹೊತ್ತಿಗೆ ಮೂವತ್ತರ ಆಸುಪಾಸಿಗೆ ಬಂದಿರುತ್ತಾನೆ.

ಇಷ್ಟು ದೀರ್ಘವಾದ ದಾರಿಯ ನಡುವೆ ಇರುವ ಬಾಗಿಲಾದರೋ ಬಹು ಕಿರಿದು. ಎಂ.ಡಿ. ಪದವಿ ಕೊಡುವ ಅಲ್ಲಿನ ಕಾಲೇಜುಗಳಿಗೆ 2024ರ ಪ್ರವೇಶಕ್ಕಾಗಿ ಸುಮಾರು 52,000 ಮಂದಿ ಅರ್ಜಿ ಹಾಕಿದರು. ಸೇರಿದವರು ಸುಮಾರು 23,000. ಅರ್ಧಕ್ಕಿಂತ ಹೆಚ್ಚು ಜನ ಹೊರಗುಳಿದರು. ಸೇರಿದವರ ಡಿಗ್ರಿ ಅಂಕಗಳ ಸರಾಸರಿ, ನಾಲ್ಕಕ್ಕೆ, 3.7ಕ್ಕಿಂತ ಮೇಲಿತ್ತು.

ಇಲ್ಲಿಯೇ ತೊಡಕು ಹುಟ್ಟುವುದು. ಕೂಲಿ ಮಾಡಿಕೊಂಡು ಓದುವ ಒಬ್ಬ ವಿದ್ಯಾರ್ಥಿಯನ್ನು ಭಾವಿಸಿಕೊಳ್ಳಿ. ರಾತ್ರಿ ಹೋಟೆಲಿನಲ್ಲಿ ದುಡಿದು ಹಗಲು ತರಗತಿಗೆ ಹೋಗುವ ಇವನ ಮೊದಲೆರಡು ವರ್ಷದ ಅಂಕ ಕುಸಿಯುತ್ತದೆ. ನಾಲ್ಕು ವರ್ಷದ ಸರಾಸರಿ 3.0ಕ್ಕೆ ನಿಲ್ಲುತ್ತದೆ. ಮತ್ತೆ ಒಂದು ವರ್ಷ ಪೂರ್ತಿ ಓದಿ, ಎಲ್ಲ ವಿಷಯಗಳಲ್ಲಿಯೂ ಪೂರ್ಣಾಂಕ ಪಡೆದರೂ ಸರಾಸರಿ 3.2ರ ಮೇಲೆ ಏಳುವುದಿಲ್ಲ. ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಇದನ್ನು ಕೂಡಿ ನೋಡಬಹುದು. ಕಡಮೆ ಅಂಕ ಬಂದ ವಿಷಯವನ್ನು ಮತ್ತೊಮ್ಮೆ ಓದಿ ಹೆಚ್ಚು ಅಂಕ ತಂದರೂ, ಅರ್ಜಿ ಸ್ವೀಕರಿಸುವ ಕಾಲೇಜುಗಳ ಸಂಘ ಹಳೆಯ ಅಂಕವನ್ನು ಅಳಿಸುವುದಿಲ್ಲ. ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹತ್ತೊಂಬತ್ತನೆಯ ವಯಸ್ಸಿನ ಬಡತನ ಇಪ್ಪತ್ತೈದನೆಯ ವಯಸ್ಸಿನಲ್ಲಿಯೂ ಕಾಗದದ ಮೇಲೆ ಹಾಗೆಯೇ ಉಳಿಯುತ್ತದೆ.

ಹೀಗೆ ಸಿಕ್ಕಿಬಿದ್ದವರಿಗಾಗಿ ಹುಟ್ಟಿದ್ದು ಸ್ಪೆಷಲ್ ಮಾಸ್ಟರ್ಸ್. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇದು 1975ರಲ್ಲಿ ಆರಂಭವಾಯಿತು. ಈಗ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದೆ. ಒಂದು ಅಥವಾ ಎರಡು ವರ್ಷದ ಓದು. ಶರೀರಕ್ರಿಯೆ, ಜೀವರಸಾಯನ, ಅಂಗರಚನೆ ಮೊದಲಾದ ವಿಷಯಗಳು. ಕೆಲವು ಕಡೆ ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಕೂರಿಸಿ, ಅದೇ ಪಾಠ ಹೇಳಿ, ಅದೇ ಪರೀಕ್ಷೆ ಕೊಡುತ್ತಾರೆ. ಇಲ್ಲಿ ಬಂದ ಅಂಕ ಹಳೆಯ ಡಿಗ್ರಿಯ ಅಂಕದೊಡನೆ ಬೆರೆಯುವುದಿಲ್ಲ. ಬೇರೆ ಸಾಲಿನಲ್ಲಿ ಬರೆಯಲ್ಪಡುತ್ತದೆ. "ನೋಡಿ, ನಿಮ್ಮ ಪಾಠವನ್ನೇ ಓದಿ ಗೆದ್ದಿದ್ದೇನೆ" ಎಂದು ತೋರಿಸುವುದಕ್ಕೆ ಅದೊಂದು ಸಾಕ್ಷಿಪತ್ರ.

ಇದರಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಈ ದಾರಿಯಿಂದ ಹೋಗಿ ಒಳ್ಳೆಯ ಡಾಕ್ಟರಾದವರು ಇದ್ದಾರೆ. ಕೆಲವು ಕಾಲೇಜುಗಳು, ಇಂತಿಷ್ಟು ಅಂಕ ತಂದವರನ್ನು ಸಂದರ್ಶನಕ್ಕೆ ಕರೆಯುವುದಾಗಿ ಮಾತು ಕೊಡುತ್ತವೆ. ಆದರೆ ಸಂದರ್ಶನವೆಂದರೆ ಸೀಟಲ್ಲ. ಒಂದು ವೇಳೆ ಇಲ್ಲಿಯೂ ಅಂಕ ಕಡಮೆಯಾದರೆ, ವೈದ್ಯವಿದ್ಯೆಗೆ ಇವನು ತಕ್ಕವನಲ್ಲ ಎನ್ನುವುದಕ್ಕೆ ಅದೇ ಕೊನೆಯ ಸಾಕ್ಷಿಯಾಗುತ್ತದೆ. ಕೈಯಲ್ಲಿ ಉಳಿಯುವ ಪದವಿಯಾದರೂ ಜೀವನೋಪಾಯಕ್ಕೆ ಆದೀತೆಂದರೆ ಅದಕ್ಕೂ ಹೆಚ್ಚು ಬೆಲೆಯಿಲ್ಲ. ಪ್ರವೇಶ ದೊರಕಿಸಿಕೊಳ್ಳುವುದಕ್ಕಾಗಿ ಮಾಡಿದ ಪದವಿ, ಪ್ರವೇಶ ದೊರೆಯದಿದ್ದರೆ ಏನಕ್ಕೆ ಬಂತು?

ಇನ್ನು ಖರ್ಚಿನ ಮಾತು. ಇದಕ್ಕೆ ಹತ್ತಾರು ಸಾವಿರ ಡಾಲರ್ ಬೀಳುತ್ತದೆ. ಇದನ್ನು 'ಮಾಸ್ಟರ್ಸ್' ಎಂದು ಕರೆದದ್ದರಲ್ಲಿಯೂ ಒಂದು ಮರ್ಮವಿದೆ. ಪದವಿಯಿಲ್ಲದೆ ಬರಿಯ ತರಗತಿಗಳಿಗೆ ಸೇರಿದವರಿಗೆ ಅಲ್ಲಿನ ಕೇಂದ್ರ ಸರಕಾರ ಕೊಡುವ ಸಾಲ ಅಲ್ಪ. ಸ್ನಾತಕೋತ್ತರ ಪದವಿಯೆಂದರೆ, 2006ರಲ್ಲಿ ಆರಂಭವಾದ 'ಗ್ರಾಡ್ ಪ್ಲಸ್' ಯೋಜನೆಯಲ್ಲಿ, ಓದಿನ ಪೂರ್ತಿ ಖರ್ಚಿನವರೆಗೂ ಸಾಲ ದೊರೆಯುತ್ತಿತ್ತು. ಸಾಲ ಹರಿದುಬಂದ ಕಡೆ ಶುಲ್ಕ ಏರಿಸಲು ವಿಶ್ವವಿದ್ಯಾಲಯಗಳಿಗೆ ಅಂಜಿಕೆ ಯಾಕೆ? 2025ರ ಜುಲೈಯಲ್ಲಿ ಆದ ಕಾನೂನು 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ಆ ಯೋಜನೆಯನ್ನು ಮುಚ್ಚಿತು. ಮಾಸ್ಟರ್ಸ್ ಓದುವವರಿಗೆ ವರ್ಷಕ್ಕೆ 20,500 ಡಾಲರ್, ವೈದ್ಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 50,000 ಡಾಲರ್ ಎಂದು ಮಿತಿ ಹಾಕಿತು. ಸಾಲಕ್ಕೆ ಮಿತಿ ಹಾಕಿದ ಕಾನೂನು ಶುಲ್ಕಕ್ಕೆ ಮಿತಿ ಹಾಕಲಿಲ್ಲ! ತಂದೆಯ ಗಂಟಿರುವವನು ಮುಂದೆ ನಡೆಯುತ್ತಾನೆ. ಇಲ್ಲದವನು ಖಾಸಗಿ ಲೇವಾದೇವಿಯವರ ಮನೆ ಹುಡುಕಬೇಕು.

ಮಾಸ್ಟರ್ಸ್ ಸಾಲದ ಮೇಲೆ ವೈದ್ಯವಿದ್ಯೆಯ ಸಾಲ. ಅಮೆರಿಕಾದಲ್ಲಿ ಸಾಲ ಮಾಡಿ ಓದಿದ ವೈದ್ಯ ಪದವೀಧರರ ತಲೆಯ ಮೇಲಿನ ಋಣ ಸುಮಾರು 2 ಲಕ್ಷ ಡಾಲರ್ ಎಂಬುದು ಆ ಕಾಲೇಜುಗಳ ಸಂಘವೇ ಕೊಡುವ ಲೆಕ್ಕ. ನಮ್ಮ ಹಣದಲ್ಲಿ ಅದು ಒಂದೂವರೆ ಕೋಟಿ ರೂಪಾಯಿಗೂ ಮೀರುತ್ತದೆ. ಇಷ್ಟು ಸಾಲ ಹೊತ್ತ ಡಾಕ್ಟರು ಹಳ್ಳಿಗೆ ಹೋಗುತ್ತಾನೆಯೇ, ಹೆಚ್ಚು ಹಣ ಬರುವ ಪಟ್ಟಣದ ಆಸ್ಪತ್ರೆಗೆ ಹೋಗುತ್ತಾನೆಯೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ವೈದ್ಯ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ, ಆದಾಯದಲ್ಲಿ ಮೇಲಿನ ಐದರಲ್ಲೆರಡು ಭಾಗಕ್ಕೆ ಸೇರಿದ ಕುಟುಂಬಗಳಿಂದ ಬಂದವರೆಂದು ಅದೇ ಸಂಘ 2018ರಲ್ಲಿ ಪ್ರಕಟಿಸಿತು. ತೀರ ಕೆಳಗಿನ ಐದನೆಯ ಒಂದು ಭಾಗದಿಂದ ಬಂದವರು ನೂರಕ್ಕೆ ಐದರ ಆಸುಪಾಸು.

ಗಿರಣಿಗಳು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ ಬದಲಿ ಕೆಲಸಗಾರರು ಬೆಳಗಿನ ಸಿಳ್ಳು ಕೂಗುವ ಮೊದಲೇ ಗೇಟಿನ ಬಳಿ ನಿಲ್ಲುತ್ತಿದ್ದರು. ಕಾಯಂ ಕೆಲಸಗಾರನು ಬಾರದಿದ್ದರೆ ಆ ದಿನದ ಕೂಲಿ. ಬಂದರೆ ಬರಿಗೈಯಲ್ಲಿ ಮನೆಗೆ. ಒಳಗೆ ಸೇರಿಸುವುದಕ್ಕೆ ಜಾಬರನು ದಸ್ತೂರಿ ಕೇಳುತ್ತಿದ್ದ. ಅದನ್ನು ಎಲ್ಲರೂ ಲಂಚವೆಂದೇ ಕರೆದರು. ಕೆಲಸಗಾರರು ಸಂಘ ಕಟ್ಟಿ ಅದರ ವಿರುದ್ಧ ಹೋರಾಡಿದರು. ಗೇಟಿನ ಬಳಿ ನಿಲ್ಲುವುದಕ್ಕೇ ಹಣ ಪಡೆದು, ಅದಕ್ಕೊಂದು ಪದವಿಯ ಹೆಸರಿಟ್ಟು, ಸಾಲವನ್ನೂ ಕೊಡಿಸುವ ಚಾತುರ್ಯ ಪಾಪ, ಆ ಜಾಬರನಿಗೆ ಹೊಳೆದಿರಲಿಲ್ಲ.

ಬಾಗಿಲು ಇಷ್ಟು ಕಿರಿದಾದದ್ದು ಹೇಗೆ? 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತನು ಅಮೆರಿಕಾ ಮತ್ತು ಕೆನಡಾದ 155 ವೈದ್ಯಶಾಲೆಗಳನ್ನು ನೋಡಿ ಒಂದು ವರದಿ ಬರೆದನು. ಹಣಕ್ಕೆ ಪದವಿ ಮಾರುವ ಕಳಪೆ ಶಾಲೆಗಳು ಅದರಿಂದ ಮುಚ್ಚಿದವು. ಅದು ಒಳ್ಳೆಯದೇ ಆಯಿತು. ಆದರೆ ಕರಿಯ ಜನರ ಏಳು ವೈದ್ಯಶಾಲೆಗಳಲ್ಲಿ ಉಳಿದದ್ದು ಎರಡೇ. ಕಳೆ ಕೀಳುವಾಗ ಪೈರೂ ಹೋಯಿತು. ಇನ್ನು 1997ರ ಕಾನೂನು, ಸರಕಾರ ಹಣ ಕೊಡುವ ಆಸ್ಪತ್ರೆ ತರಬೇತಿಯ ಸ್ಥಾನಗಳಿಗೆ ಮಿತಿ ಕಟ್ಟಿತು. 2036ರ ವೇಳೆಗೆ ಆ ದೇಶದಲ್ಲಿ 86,000 ಡಾಕ್ಟರರವರೆಗೆ ಕೊರತೆ ಬೀಳಬಹುದೆಂದು ಕಾಲೇಜುಗಳ ಸಂಘ 2024ರಲ್ಲಿ ಅಂದಾಜು ಮಾಡಿತು. ಡಾಕ್ಟರು ಬೇಕು, ಡಾಕ್ಟರಾಗಲು ಸಿದ್ಧರಾದವರೂ ಇದ್ದಾರೆ. ನಡುವೆ ಸೀಟು ಹೆಚ್ಚಿಸುವ ಬದಲು ಕಾಯುವವರಿಗೆ ಪದವಿ ಮಾರಲಾಗುತ್ತಿದೆ. ಇದನ್ನು ವಿದ್ಯಾದಾನವೆನ್ನಬೇಕೋ, ಅಭಾವದ ಕಾಲದ ವ್ಯಾಪಾರವೆನ್ನಬೇಕೋ ಓದುಗರೇ ಹೇಳಲಿ.

ಬೇರೆ ದಾರಿಗಳೇ ಇಲ್ಲವೇ? ಅಮೆರಿಕಾದಲ್ಲಿಯೇ ಇವೆ. ಇಲಿನಾಯ್ ರಾಜ್ಯದ ದಕ್ಷಿಣಕ್ಕಿರುವ ಕಾರ್ಬನ್‌ಡೇಲ್ ಊರಿನ ಸರಕಾರಿ ವಿಶ್ವವಿದ್ಯಾಲಯ, ಹಿಂದುಳಿದ ಮನೆಗಳ ವಿದ್ಯಾರ್ಥಿಗಳನ್ನು ವೈದ್ಯವಿದ್ಯೆಗೆ ಸಿದ್ಧಪಡಿಸುವ ವರ್ಗವನ್ನು 1972ರಲ್ಲಿ ತೆರೆಯಿತು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಸಿಟಿ ಕಾಲೇಜು, ಹೈಸ್ಕೂಲು ಮುಗಿಸಿದ ಮಕ್ಕಳನ್ನು ನೇರವಾಗಿ ಸೇರಿಸಿಕೊಂಡು ವೈದ್ಯರನ್ನಾಗಿಸುವ ಓದನ್ನು 1973ರಲ್ಲಿ ಆರಂಭಿಸಿತು. 2016ರಲ್ಲಿ ಅದು ಪೂರ್ಣ ವೈದ್ಯಕೀಯ ಕಾಲೇಜಾಯಿತು. ಕ್ಯೂಬಾ ಎಂಬ ಚಿಕ್ಕ ದ್ವೀಪ 1999ರಲ್ಲಿ ಹವಾನಾದಲ್ಲಿ ವೈದ್ಯಶಾಲೆ ತೆರೆದು, ಹೊರದೇಶಗಳ ಬಡ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ಕೊಟ್ಟಿತು. ಅಮೆರಿಕಾದ ಮಕ್ಕಳೂ ಅಲ್ಲಿಗೆ ಹೋಗಿ ಓದಿ ಬಂದರು. ಮರಳಿ ಹೋಗಿ ಬಡವರ ಕೇರಿಯಲ್ಲಿ ಸೇವೆ ಮಾಡಬೇಕೆಂಬುದೇ ಕೇಳಿದ ಪ್ರತಿಫಲ.

ದಾನಿಗಳೂ ಇಲ್ಲದಿಲ್ಲ. 2024ರ ಫೆಬ್ರವರಿಯಲ್ಲಿ ರೂತ್ ಗಾಟ್ಸ್‌ಮನ್ ಎಂಬ ಮಹಿಳೆ ನ್ಯೂಯಾರ್ಕಿನ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ 100 ಕೋಟಿ ಡಾಲರ್ ಕೊಟ್ಟು ಅಲ್ಲಿನ ಬೋಧನಾ ಶುಲ್ಕವನ್ನೇ ತೆಗೆಸಿದರು. ಆ ಔದಾರ್ಯಕ್ಕೆ ನಮ್ಮ ನಮಸ್ಕಾರ. ಆದರೆ ಒಬ್ಬರ ಔದಾರ್ಯದಿಂದ ಒಂದು ಕಾಲೇಜಿನ ಶುಲ್ಕ ಹೋಗುತ್ತದೆಯೇ ಹೊರತು ದೇಶದ ಬಾಗಿಲು ಅಗಲವಾಗುವುದಿಲ್ಲ. ಒಳಗೆ ಹೋದವನಿಗೆ ಊಟ ಪುಕ್ಕಟೆ. ಹೊರಗಿನ ಸಾಲು ಇನ್ನಷ್ಟು ಉದ್ದ.

ಈಗ ನಮ್ಮ ಸಂಬಂಧದ ಮಾತು. ಅಮೆರಿಕಾದ ಡಾಕ್ಟರರಲ್ಲಿ ನಾಲ್ಕರಲ್ಲೊಬ್ಬರು ಹೊರದೇಶದಲ್ಲಿ ವೈದ್ಯವಿದ್ಯೆ ಓದಿದವರು. ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಭಾರತದ್ದು. ಮೈಸೂರಿನ ಕಾಲೇಜು 1924ರಿಂದ, ಬೆಂಗಳೂರಿನದು 1955ರಿಂದ, ಹುಬ್ಬಳ್ಳಿಯದು 1957ರಿಂದ ಜನರ ತೆರಿಗೆಯ ಹಣದಲ್ಲಿ ವೈದ್ಯರನ್ನು ತಯಾರಿಸುತ್ತಿವೆ. ಅವರಲ್ಲಿಯೂ ಅನೇಕರು ಸಮುದ್ರ ದಾಟಿದರು. ತನ್ನ ಮಕ್ಕಳಿಗೆ ಕಾಯುವ ಪದವಿ ಮಾರುವ ದೇಶ, ನಮ್ಮ ಖರ್ಚಿನಲ್ಲಿ ತಯಾರಾದವರನ್ನು ಒಳಗೆ ಕರೆದುಕೊಳ್ಳುತ್ತದೆ. ಹೋದವರನ್ನು ನಾವು ದೂರುವುದಿಲ್ಲ. ಆದರೆ ಈ ಲೆಕ್ಕದಲ್ಲಿ ನಷ್ಟ ಯಾರದೆಂಬುದು ಡಾಕ್ಟರಿಲ್ಲದ ತಾಲ್ಲೂಕು ಆಸ್ಪತ್ರೆಯ ಮುಂದೆ ಕುಳಿತವರಿಗೆ ಗೊತ್ತು.

ನಮ್ಮ ಮನೆಯ ದೋಸೆಯೂ ತೂತೇ. 1989ರಲ್ಲಿ ಕರ್ನಾಟಕ ಸರಕಾರದ ಅಧಿಸೂಚನೆ, ಖಾಸಗಿ ವೈದ್ಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಗೊತ್ತುಮಾಡಿತು. ಇದು ವಿದ್ಯೆಯ ಮಾರಾಟವೆಂದು ಸುಪ್ರೀಂ ಕೋರ್ಟು 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಹೇಳಿತು. ಆಮೇಲೆ ಬಂದ ತೀರ್ಪುಗಳು ಆ ಮಾತನ್ನು ಸಡಿಲಿಸಿದವು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1 ಲಕ್ಷ 8 ಸಾವಿರ. ಅಲ್ಲಿ ಬಾಗಿಲ ಬಳಿ ಮಾಸ್ಟರ್ಸ್ ಅಂಗಡಿ. ಇಲ್ಲಿ ಕೋಚಿಂಗ್ ಅಂಗಡಿ. ಒಂದು ವರ್ಷ, ಎರಡು ವರ್ಷ ಮನೆಯಲ್ಲಿ ಕೂತು ಮತ್ತೆ ಬರೆಯಲು ಯಾರ ಮಕ್ಕಳಿಗೆ ಸಾಧ್ಯ? ದಿನಗೂಲಿಯವನ ಮಗಳಿಗಂತೂ ಅಲ್ಲ.

ಇಲ್ಲಿ ಸೀಟು ದೊರೆಯದ ಮಕ್ಕಳನ್ನು ಅಮೆರಿಕಾಕ್ಕೆ ಕಳಿಸಿ, ಮಾಸ್ಟರ್ಸ್ ಮೂಲಕ ಡಾಕ್ಟರು ಮಾಡಿಸುವ ಆಸೆಯನ್ನು ಯಾರಾದರೂ ಹುಟ್ಟಿಸಿದರೆ ನಮ್ಮ ಓದುಗರು ನಾಲ್ಕು ಸಂಗತಿ ನೆನಪಿಡಬೇಕು. ಅಲ್ಲಿನ ವೈದ್ಯ ಕಾಲೇಜುಗಳಲ್ಲಿ ಹೆಚ್ಚಿನವು ಹೊರದೇಶದ ಪ್ರಜೆಗಳನ್ನು ಸೇರಿಸಿಕೊಳ್ಳುವುದಿಲ್ಲ. ಅಲ್ಲಿನ ಸರಕಾರದ ವಿದ್ಯಾರ್ಥಿ ಸಾಲ ವೀಸಾದ ಮೇಲೆ ಹೋದ ವಿದ್ಯಾರ್ಥಿಗೆ ಇಲ್ಲ. ಮಾಸ್ಟರ್ಸ್ ಪದವಿಯಿಂದ ಸೀಟು ಖಾತ್ರಿಯಲ್ಲ. ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಅಲ್ಲಿಗೆ ಹೋಗಲು ಬರೆಯುವ ಪರೀಕ್ಷೆಯೇ ಬೇರೆ. ಅದಕ್ಕೆ ಈ ಪದವಿ ಬೇಕಾಗಿಯೇ ಇಲ್ಲ. ಅಂಗಡಿ ಒತ್ತೆಯಿಟ್ಟು, ಹೊಲ ಮಾರಿ ಹಣ ಕಟ್ಟುವ ಮುಂಚೆ, ಈ ವರ್ಗದಲ್ಲಿ ಸೇರಿದವರೆಷ್ಟು ಜನ, ಅವರಲ್ಲಿ ವೈದ್ಯ ಕಾಲೇಜು ಸೇರಿದವರೆಷ್ಟು ಜನ ಎಂಬ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ಸರಕಿನ ತೂಕ ನೋಡದೆ ನೀವು ಮೂಟೆ ಇಳಿಸಿಕೊಳ್ಳುತ್ತೀರಾ?

ಡಾಕ್ಟರನ್ನು ತಯಾರಿಸುವ ಖರ್ಚು ಸಮಾಜದ ಖರ್ಚಾಗಬೇಕು. ಯಾಕೆಂದರೆ ಕಾಯಿಲೆ ಬಿದ್ದಾಗ ಡಾಕ್ಟರು ಬೇಕಾಗುವುದು ಸಮಾಜಕ್ಕೆ. ತಡವಾಗಿ ಎಚ್ಚೆತ್ತ ವಿದ್ಯಾರ್ಥಿಗೆ, ಬಡತನದಿಂದ ಅಂಕ ಕಳೆದುಕೊಂಡ ವಿದ್ಯಾರ್ಥಿಗೆ ಇನ್ನೊಂದು ಅವಕಾಶ ಬೇಕೇ ಬೇಕು. ಅದನ್ನು ಸರಕಾರಿ ಕಾಲೇಜು ಶುಲ್ಕವಿಲ್ಲದೆ ಕೊಡಲಿ. ಗೆದ್ದವರಿಗೆ ಸೀಟನ್ನೂ ಕೊಡಲಿ. ಪ್ರತಿಯಾಗಿ ಡಾಕ್ಟರಿಲ್ಲದ ಊರಿನಲ್ಲಿ ಕೆಲವು ವರ್ಷ ದುಡಿಯಲಿ ಎಂದು ಕೇಳುವುದು ನ್ಯಾಯ. ಎರಡನೆಯ ಅವಕಾಶ ಹಣವಂತರ ಮಕ್ಕಳಿಗೆ ಮಾತ್ರ ಎಂಬ ಪದ್ಧತಿ ಅಮೆರಿಕಾದಲ್ಲಿಯೂ ಸಲ್ಲದು, ನಮ್ಮಲ್ಲಿಯೂ ಸಲ್ಲದು.