ಸರಕಾರದ ಹಣ, ಸದಸ್ಯರ ಹೊಣೆ

ಸಹಕಾರಿ ಸಂಘಗಳ ಮಹಾಸಭೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ಸರಕಾರವು ಬೆಳೆಗಾರರ ನೆರವಿಗೆ ಬರಬೇಕು. ಇನ್ನೊಂದು, ಸರಕಾರವು ಸಂಘದ ಆಡಳಿತದಲ್ಲಿ ಕೈಹಾಕಬಾರದು. ಇವೆರಡನ್ನೂ ಒಬ್ಬರೇ ಸದಸ್ಯರು ಒಂದೇ ಭಾಷಣದಲ್ಲಿ ಹೇಳುವುದೂ ಉಂಟು. ಎರಡೂ ನ್ಯಾಯವಾದ ಮಾತುಗಳೇ. ಆದರೆ ಹಣ ಕೊಟ್ಟವರು ಲೆಕ್ಕ ಕೇಳುವುದು ಲೋಕರೂಢಿ. ಆದ್ದರಿಂದ ನೆರವು ಯಾವ ಕೆಲಸಕ್ಕೆ, ಯಾವ ಷರತ್ತಿನ ಮೇಲೆ, ಎಷ್ಟು ಕಾಲಕ್ಕೆ ಎಂಬುದನ್ನು ಪಡೆಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಎರಡು ಬೆಳೆಗಳ ಚರಿತ್ರೆಯೇ ಇದಕ್ಕೆ ಪಾಠ ಹೇಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿಗೆ ಕೊಳ್ಳುವವರಿಲ್ಲದಂತಾಯಿತು. ಆಗ 1942ರ ಕಾಫಿ ಕಾಯಿದೆ ಬೆಳೆಗಾರನನ್ನು ಉಳಿಸಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಮನೆಬಳಕೆಗೆ ಮತ್ತು ಬೀಜಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು. ಮಾರಿ ಬಂದ ಹಣವನ್ನು ಮಂಡಳಿ ಕಂತುಗಳಲ್ಲಿ ಕೊಡಬೇಕು. ಕಷ್ಟಕಾಲಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಯುದ್ಧ ಮುಗಿದ ಮೇಲೂ ಅದು ಐದು ದಶಕ ಉಳಿಯಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂಲ್ ಪದ್ಧತಿ ಪೂರ್ಣ ಕೊನೆಗೊಂಡಾಗ ಬೆಳೆಗಾರರು ಸಂತೋಷಪಟ್ಟರು. ಆದರೆ ಈ ಶತಮಾನದ ಆರಂಭದಲ್ಲಿ ಜಗತ್ತಿನ ಕಾಫಿ ಧಾರಣೆ ಕುಸಿದಾಗ, ಒಟ್ಟುಗೂಡಿ ಮಾರುವ ಅಭ್ಯಾಸವಿಲ್ಲದ ಸಣ್ಣ ಬೆಳೆಗಾರ ಒಂಟಿಯಾಗಿ ನಿಂತನು. ಕಾಯಿದೆ ಬೆಳೆಯನ್ನು ಕಾಯ್ದಿತು. ಬೆಳೆಗಾರರ ಸ್ವಂತ ಮಾರಾಟ ಸಂಸ್ಥೆಗಳು ಬಲಗೊಳ್ಳಲು ಅವಕಾಶ ಕೊಡಲಿಲ್ಲ.

ಅಡಿಕೆಯ ದಾರಿ ಬೇರೆ. ಶಿರಸಿಯ ತೋಟಗಾರರ ಮಾರಾಟ ಸಂಘ 1923ರಲ್ಲಿ, ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ ಹುಟ್ಟಿದವು. ಮುಂದೆ ಧಾರಣೆ ಬಿದ್ದು ತೋಟಗಾರ ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸ್ಥಾಪನೆಯಾಯಿತು. ಕರ್ನಾಟಕ ಮತ್ತು ಕೇರಳ ಎರಡೂ ಸರಕಾರಗಳ ಬೆಂಬಲ ಅದಕ್ಕಿತ್ತು. ಆದರೆ ಇಲ್ಲಿ ಬೆಳೆಯನ್ನು ಕಡ್ಡಾಯವಾಗಿ ಒಪ್ಪಿಸಬೇಕೆಂಬ ಕಾನೂನು ಬರಲಿಲ್ಲ. ಸಂಸ್ಥೆಯು ವ್ಯಾಪಾರಿಗಳ ಎದುರಿನಲ್ಲೇ ಮಾರುಕಟ್ಟೆಗಿಳಿದು ಅಡಿಕೆ ಕೊಂಡಿತು. ಕೊಕ್ಕೋ ಬೆಳೆದವರು ಕೊಳ್ಳುವವರಿಲ್ಲದೆ ಪರದಾಡಿದಾಗ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಂಘಕ್ಕೆ ಒಂದು ಕಿಲೋ ಅಡಿಕೆ ಹಾಕದವನಿಗೂ ಸಂಘದ ದರ ಹೇಳಿ ಮಂಡಿಯಲ್ಲಿ ಚೌಕಾಸಿ ಮಾಡುವ ಧೈರ್ಯ ಬಂತು. ಒಂದು ಪ್ರದೇಶದ ಅಭಿವೃದ್ಧಿಯೆಂದರೆ ಇದೇ.

ಹಾಗೆಂದು ಎಲ್ಲ ಸಹಕಾರಿ ಸಂಸ್ಥೆಗಳ ಕತೆಯೂ ಹೀಗಿಲ್ಲ. ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿಯು 1954ರ ವರದಿಯಲ್ಲಿ, ಸರಕಾರವು ಸಹಕಾರಿ ಸಂಘಗಳ ಷೇರು ಬಂಡವಾಳದಲ್ಲಿ ಪಾಲುಗೊಳ್ಳಬೇಕೆಂದು ಸಲಹೆ ಮಾಡಿತು. ದುರ್ಬಲ ಸಂಘಗಳು ಬಲಗೊಳ್ಳಲಿ ಎಂಬುದೇ ಉದ್ದೇಶ. ಹಣ ಬಂತು, ಅದರೊಂದಿಗೆ ನಾಮಕರಣಗೊಂಡ ನಿರ್ದೇಶಕರು ಬಂದರು. ಎಷ್ಟೋ ಕಡೆ ಚುನಾವಣೆಗಳು ಮುಂದಕ್ಕೆ ಹೋಗಿ ಆಡಳಿತಾಧಿಕಾರಿಗಳು ಬಂದು ಕುಳಿತರು. ಈ ರೋಗಕ್ಕೆ ಮದ್ದಾಗಿ 2011ರಲ್ಲಿ ಸಂವಿಧಾನದ 97ನೆಯ ತಿದ್ದುಪಡಿಯಾಯಿತು. ಆದರೆ ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಪಡೆದಿರಲಿಲ್ಲವೆಂಬ ಕಾರಣಕ್ಕೆ, ಸಹಕಾರ ಸಂಘಗಳ ಕುರಿತ ಅದರ ವಿಧಿಗಳು ಬಹುರಾಜ್ಯ ಸಂಘಗಳಿಗೆ ಮಾತ್ರ ಅನ್ವಯಿಸುತ್ತವೆಂದು ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪಿತ್ತಿತು.

ಬಹುರಾಜ್ಯ ಸಂಘಗಳ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯನ್ನು ಸದಸ್ಯರು ಗಮನವಿಟ್ಟು ಓದಬೇಕು. ಚುನಾವಣೆ ನಡೆಸಲು ಪ್ರತ್ಯೇಕ ಪ್ರಾಧಿಕಾರವನ್ನು ಅದು ತಂದಿತು. ಚುನಾವಣೆ ಕಾಲಕ್ಕೆ ಸರಿಯಾಗಿ, ಪಕ್ಷಪಾತವಿಲ್ಲದೆ ನಡೆಯುವುದಾದರೆ ಇದು ಸ್ವಾಗತಾರ್ಹ. ಆದರೆ ಸಂಘದಲ್ಲಿ ಸರಕಾರ ಹೊಂದಿರುವ ಷೇರನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಮರಳಿಸುವಂತಿಲ್ಲ ಎಂಬ ವಿಧಿಯನ್ನು ನಾವು ಒಪ್ಪಲಾರೆವು. ಸಾಲಗಾರನು ದುಡಿದು ಹಣ ತಂದು ಎದುರಿಗಿಟ್ಟರೂ ಅಡವಿನ ಪತ್ರ ಬಿಡೆನು ಎನ್ನುವ ಸಾಹುಕಾರನನ್ನು ನಾವು ಏನೆಂದು ಕರೆಯುತ್ತಿದ್ದೆವು? ಷೇರು ಹೆಚ್ಚಿದಂತೆ ಸರಕಾರವು ಮೂವರವರೆಗೆ ನಿರ್ದೇಶಕರನ್ನು ನಾಮಕರಣ ಮಾಡಬಹುದೆಂದು ಅದೇ ಕಾಯಿದೆ ಹೇಳುತ್ತದೆ. ಆದ್ದರಿಂದ ಷೇರು ಮರಳಿಸುವ ಹಕ್ಕೆಂದರೆ ಸ್ವಂತ ಆಡಳಿತದ ಹಕ್ಕೇ ಆಗಿದೆ.

ನಮ್ಮ ಬೇಡಿಕೆ ಸರಳವಾದದ್ದು. ಉಗ್ರಾಣ, ಒಣಗಿಸುವ ಕಣ, ಸಂಸ್ಕರಣ ಘಟಕ, ಕೊಳೆರೋಗದ ಸಂಶೋಧನೆ, ಇಂತಹ ನಿರ್ದಿಷ್ಟ ಕೆಲಸಗಳಿಗೆ ಸರಕಾರ ಧಾರಾಳವಾಗಿ ಹಣ ಕೊಡಲಿ. ಮರಳಿಸುವ ಅವಧಿಯನ್ನೂ ಬರೆದುಕೊಳ್ಳಲಿ. ಲೆಕ್ಕಪರಿಶೋಧನೆ ಮತ್ತು ಚುನಾವಣೆಯಲ್ಲಿ ಎಷ್ಟು ಬಿಗಿಯಾದರೂ ಇರಲಿ. ಆದರೆ ಯಾವ ದಿನ ಯಾವ ದರಕ್ಕೆ ಕೊಳ್ಳಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಬೆಳೆಗಾರರು ಆರಿಸಿದ ಆಡಳಿತ ಮಂಡಳಿಗೇ ಬಿಡಲಿ.

ಇಷ್ಟು ಕೇಳುವ ಅಧಿಕಾರ ಬರಬೇಕಾದರೆ ಸದಸ್ಯರ ಪಾಲಿನ ಕರ್ತವ್ಯವೂ ಇದೆ. ಕಿಲೋಗೆ ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಮಾಲನ್ನು ಹೊರಗೆ ಮಾರಿ, ಧಾರಣೆ ಬಿದ್ದ ದಿನ ಮಾತ್ರ ಸಂಘದ ಬಾಗಿಲಿಗೆ ಬರುವವರಿಂದ ಯಾವ ಸಂಘವೂ ಬಂಡವಾಳ ಕೂಡಿಸಲಾರದು. ಸದಸ್ಯರ ಷೇರು ಮತ್ತು ವ್ಯವಹಾರ ಎಲ್ಲಿ ಕಡಿಮೆಯೋ ಅಲ್ಲಿ ಸರಕಾರದ ಹಣ ಅನಿವಾರ್ಯವಾಗುತ್ತದೆ. ಆಮೇಲೆ ಹಸ್ತಕ್ಷೇಪವೆಂದು ದೂರಿ ಫಲವಿಲ್ಲ. ವರ್ಷ ಮುಗಿದ ಆರು ತಿಂಗಳೊಳಗೆ ನಡೆಯುವ ಮಹಾಸಭೆಗೆ ಊಟದ ಹೊತ್ತಿಗೆ ಬರದೆ ಲೆಕ್ಕಪತ್ರ ಓದುವ ಹೊತ್ತಿಗೇ ಬನ್ನಿ. ಸರಕಾರದ ಷೇರು ಎಷ್ಟಿದೆ, ಅದನ್ನು ಮರಳಿಸಲು ಅನುಮತಿ ಕೇಳಿದ್ದಾರೆಯೇ ಎಂದು ಎದ್ದು ನಿಂತು ಪ್ರಶ್ನಿಸಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಮನೆಗೆ ಹೋಗಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.