ಮನದ ಮಾತಿಗೆ ಕಾವಲು

ಕಳೆದ ಕಾರ್ತಿಕದ ಒಂದು ಸೋಮವಾರ, ಮಠದ ದೀಪೋತ್ಸವ ಮುಗಿದು ಜನರೆಲ್ಲ ಚದುರಿದ ಮೇಲೆ, ನಮಗೆ ಬಹುಕಾಲದಿಂದ ಪರಿಚಿತರಾದ ತಾಯಿಯೊಬ್ಬರು ಪಾಠಶಾಲೆಯ ಜಗಲಿಗೆ ಬಂದು ಕುಳಿತರು. ಅವರ ಮಗಳು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಓದುತ್ತಿದ್ದಳು. ಕೆಲವು ತಿಂಗಳಿಂದ ಆಕೆ ವಾರಕ್ಕೊಮ್ಮೆ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಹೋಗಿ ಒಂದು ತಾಸು ಮಾತನಾಡಿ ಬರುತ್ತಾಳೆಂಬ ಸಂಗತಿ ತಾಯಿಗೆ ತಿಳಿದಿತ್ತು. ಏನು ಮಾತನಾಡುತ್ತಾಳೆಂಬುದು ತಿಳಿದಿರಲಿಲ್ಲ. ಯಾರನ್ನೋ ಹಿಡಿದು ಇಂಗ್ಲಿಷಿನಲ್ಲಿ ಆ ವಿದುಷಿಗೆ ಪತ್ರ ಬರೆಯಿಸಿದ್ದರು. ಬಂದ ಉತ್ತರ ಎರಡೇ ಸಾಲಿನದು. ಆ ಹೆಸರಿನವರು ತಮ್ಮಲ್ಲಿಗೆ ಬರುವರೋ ಇಲ್ಲವೋ ಎಂಬುದನ್ನು ಸಹ ತಾವು ಹೇಳುವಂತಿಲ್ಲವೆಂದು ಅದರಲ್ಲಿತ್ತು.

"ಶಾಸ್ತ್ರಿಗಳೇ, ಮಠದ ಕಾಗದದ ಮ್ಯಾಲೆ ನೀವೊಂದು ಮಾತು ಬರದರ ಅವರು ಬೆಲಿ ಕೊಡತಾರ. ನನ್ನ ಹೊಟ್ಟ್ಯಾಗ ಹುಟ್ಟಿದ ಕೂಸು. ಆಕಿ ಮನಸಿನ್ಯಾಗ ಏನೈತಿ ಅಂತ ನನಗ ಹೇಳಾಕ ಅವರಿಗೇನು ಕಷ್ಟ?" ಎಂದು ಆ ತಾಯಿ ಕಣ್ಣೊರೆಸಿಕೊಂಡರು.

ನಾವು ಪತ್ರ ಬರೆಯಲಿಲ್ಲ. ಏಕೆ ಬರೆಯಲಿಲ್ಲವೆಂಬುದನ್ನು ಅವರಿಗೆ ತಿಳಿಸಿ ಹೇಳಲು ಮೂರು ಭೇಟಿಗಳು ಬೇಕಾದವು. ನಮ್ಮ ಎಷ್ಟೋ ಮನೆತನಗಳ ಮಕ್ಕಳು ಈಗ ಆ ದೇಶದಲ್ಲಿ ನೆಲೆಸಿರುವುದರಿಂದ, ಆ ನಿಮಿತ್ತವಾಗಿ ನಾವು ಓದಿ ವಿಚಾರಿಸಿ ತಿಳಿದುದನ್ನು ಈ ತಿಂಗಳು ಭಕ್ತ ಬಂಧುಗಳ ಮುಂದಿಡುತ್ತಿದ್ದೇವೆ.

ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಿಗೆ ಪರವಾನಗಿ ಕೊಡುವುದು ಕೇಂದ್ರ ಸರಕಾರವಲ್ಲ, ಆಯಾ ರಾಜ್ಯ. ಇಂಥ ಕಾಯಿದೆಯನ್ನು ಮೊದಲು ಮಾಡಿದ್ದು 1945ರಲ್ಲಿ ಕನೆಕ್ಟಿಕಟ್ ಎಂಬ ಸಣ್ಣ ರಾಜ್ಯ. ಕಡೆಗೆ ಮಿಸೌರಿ ರಾಜ್ಯವು 1977ರಲ್ಲಿ ಮಾಡುವುದರೊಂದಿಗೆ ಐವತ್ತೂ ರಾಜ್ಯಗಳ ಸುತ್ತು ಮುಗಿಯಿತು. ಮುಗಿಯಿತೆನ್ನುವಷ್ಟರಲ್ಲಿಯೇ ಒಂದು ವಿಚಿತ್ರ ನಡೆಯಿತು. 1979ರಲ್ಲಿ ಫ್ಲಾರಿಡ ರಾಜ್ಯದ ಕಾಯಿದೆ ಅವಧಿ ತೀರಿ ಲುಪ್ತವಾಯಿತು. 1981ರಲ್ಲಿ ಹೊಸ ಕಾಯಿದೆ ಬರುವವರೆಗೆ ಅಲ್ಲಿ ಈ ಹೆಸರಿನ ಫಲಕವನ್ನು ತೂಗುಹಾಕಿಕೊಳ್ಳಲು ಯಾರಿಗೂ ಅಡ್ಡಿಯಿರಲಿಲ್ಲ. ಹಕ್ಕಿಯ ಶಕುನ ಹೇಳುವವನೂ ತೂಗುಹಾಕಬಹುದಾಗಿತ್ತು!

ಕ್ಯಾಲಿಫೋರ್ನಿಯದಲ್ಲಿ ಪರವಾನಗಿ ಸುಲಭವಾಗಿ ದೊರೆಯುವುದಿಲ್ಲ. ಡಾಕ್ಟರೇಟ್ ಪದವಿ ಬೇಕು. ಅನುಭವಿಗಳ ಕಣ್ಗಾವಲಿನಲ್ಲಿ 3000 ತಾಸು ಕೆಲಸ ಮಾಡಿರಬೇಕು, ಅದರಲ್ಲಿ ಅರ್ಧದಷ್ಟಾದರೂ ಪದವಿ ಪಡೆದ ನಂತರದ್ದಾಗಿರಬೇಕು. ಎಲ್ಲ ರಾಜ್ಯಗಳಿಗೂ ಸಮಾನವಾದ ಒಂದು ದೊಡ್ಡ ಪರೀಕ್ಷೆ, ಆ ರಾಜ್ಯದ ಕಾನೂನು ಮತ್ತು ವೃತ್ತಿಧರ್ಮದ ಮೇಲೆ ಇನ್ನೊಂದು ಪರೀಕ್ಷೆ. ಪರವಾನಗಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಅವಧಿಯಲ್ಲಿ 36 ತಾಸು ಮರುಕಲಿಕೆ ಆಗಿರಬೇಕು. ಇಷ್ಟು ಓದಿದರೂ ಅವರು ವೈದ್ಯರಲ್ಲ, ಅಲ್ಲಿ ಔಷಧ ಬರೆದುಕೊಡುವ ಅಧಿಕಾರ ಅವರಿಗಿಲ್ಲ. 2002ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯವು ಮೊದಲಾಗಿ ವಿಶೇಷ ತರಬೇತಿ ಪಡೆದವರಿಗೆ ಆ ಅಧಿಕಾರ ಕೊಟ್ಟಿತು. ಕೊಟ್ಟ ರಾಜ್ಯಗಳು ಈಗಲೂ ಕೆಲವೇ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಡತೆಯ ನಿಯಮಗಳು. ನೊಂದು ಬಂದವರೊಡನೆ ದೇಹಸಂಬಂಧ ಬೆಳೆಸಿದ ಮನಶ್ಶಾಸ್ತ್ರಜ್ಞನ ಪರವಾನಗಿಯನ್ನು ಮಂಡಳಿಯು ಕಿತ್ತುಕೊಳ್ಳಲೇಬೇಕು, ದಯೆ ತೋರಲು ಅಲ್ಲಿ ಎಡೆಯಿಲ್ಲ. ಚಿಕಿತ್ಸೆ ಮುಗಿದ ಮೇಲೂ ಎರಡು ವರ್ಷ ಆ ನಿಷೇಧ ಉಂಟು. ಹಿಂದಿನ ಚಿಕಿತ್ಸಕನು ಹೀಗೆ ನಡೆದುಕೊಂಡನೆಂದು ಯಾರಾದರೂ ಹೊಸ ಚಿಕಿತ್ಸಕರ ಮುಂದೆ ಹೇಳಿಕೊಂಡರೆ, ಸರಕಾರ ಅಚ್ಚುಹಾಕಿಸಿದ ಒಂದು ಪುಸ್ತಿಕೆಯನ್ನು ಅವರ ಕೈಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ನಾಚಿಕೆಯಿಂದ ಬಾಯಿ ಬಿಡದವರಿಗೆ ದಾರಿ ತೋರಿಸಲು ಮಾಡಿದ ಏರ್ಪಾಡು ಅದು.

ಇನ್ನು ಗುಟ್ಟಿನ ವಿಷಯ. ಆ ಕೋಣೆಯಲ್ಲಿ ಆಡಿದ ಮಾತಿನ ಒಡೆತನ ಆಡಿದವರದು, ಕೇಳಿದವರದಲ್ಲ. ನ್ಯಾಯಾಲಯದಲ್ಲಿ ಸಹ ಅದನ್ನು ಹೊರಗೆಡಹದಂತೆ ತಡೆಯುವ ಹಕ್ಕು ಸಾಮಾನ್ಯವಾಗಿ ಆಡಿದವರಿಗೆ ಉಂಟು. ಹದಿನೆಂಟು ತುಂಬಿದ ಮಗಳ ಮಾತನ್ನು ಆಕೆಯ ಒಪ್ಪಿಗೆಯಿಲ್ಲದೆ ತಾಯಿಗೆ ತಿಳಿಸಿದರೆ ಅದು ಅಪರಾಧವಾಗಿ ಎಣಿಸಲ್ಪಟ್ಟು ಪರವಾನಗಿಗೇ ಕುತ್ತು ಬರಬಹುದು. ಅಷ್ಟೇ ಅಲ್ಲ, 12 ವರ್ಷ ತುಂಬಿದ, ತಿಳಿವಳಿಕೆಯುಳ್ಳ ಮಗುವು ತಾನಾಗಿಯೇ ಸಮಾಲೋಚನೆಗೆ ಹೋಗಲು ಆ ರಾಜ್ಯದಲ್ಲಿ ಅವಕಾಶವಿದೆ. ತಂದೆತಾಯಿಗಳನ್ನು ಸೇರಿಸಿಕೊಳ್ಳುವುದೇ ವಾಡಿಕೆ. ಅದರಿಂದ ಮಗುವಿಗೆ ಕೇಡೆಂದು ಕಂಡರೆ ಮಾತ್ರ ಬಿಡಬಹುದು. ಇದನ್ನು ಓದಿದಾಗ ನಮಗೂ ಎದೆ ಝಲ್ಲೆಂದಿತೆಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಬೀಗಕ್ಕೂ ಒಂದು ಕೀಲಿಯುಂಟು. ಮಕ್ಕಳ ಮೇಲೆ ಹಿಂಸೆ ನಡೆಯುತ್ತಿದೆಯೆಂಬ ಅನುಮಾನ ಬಂದರೆ ಅಲ್ಲಿ ಕೂಡಲೇ ದೂರವಾಣಿಯಿಂದ ತಿಳಿಸಿ, 36 ತಾಸಿನೊಳಗೆ ಬರೆದುಕೊಡಬೇಕು. ಇನ್ನೊಂದು ಕೀಲಿ ಸಿದ್ಧವಾದದ್ದು ಒಂದು ಕೊಲೆಯಿಂದ.

ಬರ್ಕಲಿಯ ವಿಶ್ವವಿದ್ಯಾಲಯದಲ್ಲಿ ಹಡಗು ನಿರ್ಮಾಣ ಶಾಸ್ತ್ರ ಓದಲು ನಮ್ಮ ದೇಶದ ಬಂಗಾಲದಿಂದ ಒಬ್ಬ ತರುಣ ಹೋಗಿದ್ದ. ತಾತ್ಯಾನಾ ತಾರಾಸಾಫ್ ಎಂಬ ಹುಡುಗಿಯ ಸ್ನೇಹವನ್ನು ಆತ ಪ್ರೇಮವೆಂದು ಬಗೆದ. ಆಕೆ ಅಲ್ಲವೆಂದಳು. ಊರು ಬೇರೆ, ನುಡಿ ಬೇರೆ, ಹೇಳಿಕೊಳ್ಳಲು ತನ್ನವರಿಲ್ಲ. ಆತನ ಮನಸ್ಸು ಕದಡಿತು. ವಿಶ್ವವಿದ್ಯಾಲಯದ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರ ಮುಂದೆ ಆಕೆಯನ್ನು ಕೊಲ್ಲುವ ಮಾತನ್ನಾಡಿದ. ಮನಶ್ಶಾಸ್ತ್ರಜ್ಞರು ಅಲ್ಲಿಯ ಪೊಲೀಸರಿಗೆ ತಿಳಿಸಿದರು. ಪೊಲೀಸರು ಆತನನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ಸರಿಯಾಗಿಯೇ ಮಾತನಾಡುತ್ತಾನೆಂದು ಬಿಟ್ಟುಬಿಟ್ಟರು. ಆ ಹುಡುಗಿಗಾಗಲಿ ಆಕೆಯ ತಂದೆತಾಯಿಗಳಿಗಾಗಲಿ ಒಂದು ಮಾತನ್ನೂ ಯಾರೂ ಹೇಳಲಿಲ್ಲ. 1969ರ ಅಕ್ಟೋಬರ್ 27ರಂದು ಆಕೆಯ ಕೊಲೆಯಾಯಿತು.

ಹೆತ್ತವರು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಟೋಬ್ರಿನರ್ ಅವರು ಬಹುಮತದ ತೀರ್ಪನ್ನು ಬರೆದರು. ಇನ್ನೊಬ್ಬರ ಪ್ರಾಣಕ್ಕೆ ಅಪಾಯ ಕಂಡಾಗ ಅವರನ್ನು ಕಾಪಾಡಲು ತಕ್ಕ ಎಚ್ಚರ ವಹಿಸುವುದು ಚಿಕಿತ್ಸಕರ ಕರ್ತವ್ಯವೆಂದು ಅದು ಸಾರಿತು. ಹೀಗಾದರೆ ಯಾರೂ ಮನಬಿಚ್ಚಿ ಮಾತನಾಡಲಾರರೆಂದು ವೃತ್ತಿಯವರು ಗೋಳಿಟ್ಟರು. 1985ರಲ್ಲಿ ಆ ರಾಜ್ಯದ ಶಾಸನಸಭೆ ಆ ಹೊಣೆಗೆ ಗೆರೆ ಹಾಕಿತು. ಗುರುತಿಸಬಹುದಾದ ವ್ಯಕ್ತಿಯ ಮೇಲೆ ಘೋರ ಹಲ್ಲೆಯ ಬೆದರಿಕೆಯನ್ನು ರೋಗಿಯು ಹೇಳಿದ್ದರೆ ಮಾತ್ರ ಚಿಕಿತ್ಸಕರು ಹೊಣೆಗಾರರು.

ಟೆಕ್ಸಾಸ್ ರಾಜ್ಯ ಈ ದಾರಿಯನ್ನೇ ಒಪ್ಪಲಿಲ್ಲ. ಒಬ್ಬ ಮನೋವೈದ್ಯೆಯ ಮೇಲಿನ ಇಂಥದೇ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, ಎಚ್ಚರಿಸುವ ಕರ್ತವ್ಯವಿಲ್ಲವೆಂದು ತೀರ್ಮಾನಿಸಿತು. ಅಲ್ಲಿ ವೈದ್ಯರಿಗೆ ಅಥವಾ ಪೊಲೀಸರಿಗೆ ತಿಳಿಸಬಹುದು. ತಿಳಿಸಲೇಬೇಕೆಂಬ ಕಟ್ಟಿಲ್ಲ. ಒಂದೇ ದೇಶ, ಒಂದೇ ವಿದ್ಯೆ, ಎರಡು ಧರ್ಮ. ಇವೆರಡರಲ್ಲಿ ಯಾವುದು ಸರಿ? ಆ ಹುಡುಗಿಯ ತಂದೆತಾಯಿಗಳನ್ನು ನೆನೆದರೆ ನಮ್ಮ ಮನಸ್ಸು ಕ್ಯಾಲಿಫೋರ್ನಿಯದ ಕಡೆಗೇ ವಾಲುತ್ತದೆ. ಆದರೆ ಆ ತರುಣನು ತನ್ನ ವಿಷವನ್ನು ಒಬ್ಬರ ಮುಂದಾದರೂ ಕಕ್ಕಿದ್ದು, ಕೇಳುವವರು ಬಾಯಿ ಬಿಡರೆಂಬ ನಂಬಿಕೆಯಿಂದಲ್ಲವೇ?

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಮಠದಲ್ಲಿ ಬೆಳೆದ ನಾವು ಕಿವಿಯ ಮಹತ್ತ್ವವನ್ನು ಬಲ್ಲೆವೆಂದುಕೊಂಡಿದ್ದೆವು. ದೀಕ್ಷೆಯ ಕಾಲಕ್ಕೆ ಗುರು ಮಂತ್ರವನ್ನು ಕೊಡುವುದು ಕಿವಿಯಲ್ಲಿಯೇ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಮನೆಯ ಸೊಸೆ ನಮ್ಮೆದುರು ತನ್ನ ಸಂಕಟವನ್ನು ತೋಡಿಕೊಂಡಳು. ಒಳಿತಾಗಲೆಂದೇ ನಾವು ಅವಳ ಅತ್ತೆಗೆ ಅದರ ಸುಳಿವು ಕೊಟ್ಟೆವು. ಮನೆಯಲ್ಲಿ ಏನು ನಡೆಯಿತೋ ನಮಗೆ ತಿಳಿಯದು. ಆ ಮೇಲೆ ಆಕೆ ಜಾತ್ರೆಯಲ್ಲಿ, ದಾಸೋಹದಲ್ಲಿ ಎದುರಾದರೆ ಕೈಮುಗಿಯುತ್ತಿದ್ದಳು, ಮುಂದೆ ಸಾಗುತ್ತಿದ್ದಳು. ಒಂದು ಮಾತನ್ನೂ ಮತ್ತೆ ಆಡಲಿಲ್ಲ. ನಮ್ಮ ಪರವಾನಗಿಯನ್ನು ಕಿತ್ತುಕೊಳ್ಳುವ ಮಂಡಳಿ ಇರಲಿಲ್ಲ. ಆಕೆಯೇ ಕಿತ್ತುಕೊಂಡಳು.

ನಮ್ಮ ದೇಶದಲ್ಲಿ ಏನಿದೆಯೆಂದು ಓದುಗರು ಕೇಳಬಹುದು. 1992ರ ಕಾಯಿದೆಯ ಮೇರೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಗುಟ್ಟಿಗೆ ರಕ್ಷಣೆ ಕೊಟ್ಟಿದೆ, ರಾಜ್ಯದ ಪ್ರಾಧಿಕಾರವು ಇಂಥ ವೃತ್ತಿಯವರ ಪಟ್ಟಿಯನ್ನು ಪ್ರಕಟಿಸಬೇಕೆಂದೂ ಹೇಳಿದೆ. 2021ರ ಇನ್ನೊಂದು ಕಾಯಿದೆ ಉಳಿದ ಮನಶ್ಶಾಸ್ತ್ರಜ್ಞರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿದೆ. ಆದರೂ ನಮ್ಮ ಊರುಗಳಲ್ಲಿ ಸಮಾಲೋಚಕರೆಂಬ ಫಲಕದ ಕೆಳಗೆ ಕುಳಿತವರನ್ನು ನೋಂದಣಿ ಸಂಖ್ಯೆ ಕೇಳುವ ರೂಢಿ ನಮ್ಮ ಮನೆಗಳಲ್ಲಿಲ್ಲ. ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುವ ನಾವು ಇದನ್ನು ನೋಡುವುದಿಲ್ಲ.

ಆ ತಾಯಿಗೆ ನಾವು ಮಾಡಿಕೊಟ್ಟ ಉಪಕಾರ ಒಂದೇ. ಕ್ಯಾಲಿಫೋರ್ನಿಯದಲ್ಲಿ ಪ್ರತಿಯೊಬ್ಬರ ಪರವಾನಗಿ ಸಂಖ್ಯೆ, ಅದರ ಅವಧಿ, ಶಿಸ್ತಿನ ಕ್ರಮವೇನಾದರೂ ಆಗಿದ್ದರೆ ಅದು, ಎಲ್ಲವೂ ಸಾರ್ವಜನಿಕರ ಪರಿಶೀಲನೆಗೆ ತೆರೆದಿದೆ. ಪಾಠಶಾಲೆಯ ವಿದ್ಯಾರ್ಥಿಯೊಬ್ಬ ಹುಡುಕಿ ತೆಗೆದ. ಪರವಾನಗಿ ಊರ್ಜಿತವಾಗಿತ್ತು, ಕಪ್ಪುಚುಕ್ಕೆ ಇರಲಿಲ್ಲ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಂಡು ಅವರು ಸೆರಗಿನ ತುದಿಗೆ ಗಂಟುಹಾಕಿಕೊಂಡರು. ಮಗಳಿಗೆ ಫೋನ್ ಮಾಡಿದಾಗ ಏನನ್ನೂ ಕೆದಕಿ ಕೇಳಬಾರದೆಂದು ನಾವು ಹೇಳಿದೆವು. ಅವರು ಒಪ್ಪಿದರು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ.

ಮೊನ್ನೆ ಶ್ರಾವಣದಲ್ಲಿ ಮತ್ತೆ ಬಂದಿದ್ದರು. ಮಗಳು ಓದು ಮುಗಿಸಿ ಕೆಲಸಕ್ಕೆಂದು ಟೆಕ್ಸಾಸಿಗೆ ಹೋಗಿದ್ದಾಳೆ. ರಾಜ್ಯ ಬದಲಾದೊಡನೆ ಹಳೆಯ ಮನಶ್ಶಾಸ್ತ್ರಜ್ಞೆ ದೂರವಾಣಿಯಲ್ಲಿ ಸಹ ಆಕೆಯನ್ನು ಮುಂದುವರಿಸುವಂತಿರಲಿಲ್ಲ. ರೋಗಿ ಕುಳಿತ ನೆಲದ ಕಾನೂನು ಲೆಕ್ಕಕ್ಕೆ ಬರುತ್ತದೆ. 40ಕ್ಕೂ ಹೆಚ್ಚು ರಾಜ್ಯಗಳು ಗಡಿ ದಾಟಿ ನೋಡಲು ಒಡಂಬಡಿಕೆ ಮಾಡಿಕೊಂಡಿವೆ, ಟೆಕ್ಸಾಸ್ ಅದರಲ್ಲಿದೆ. ಕ್ಯಾಲಿಫೋರ್ನಿಯ ಸೇರಿರಲಿಲ್ಲ. ಹುಡುಗಿ ಹೊಸಬರನ್ನು ಹುಡುಕಿಕೊಂಡಿದ್ದಾಳೆ.

"ಈ ಸಲ ನಾ ಏನೂ ಕೇಳಲಿಲ್ರೀ ಶಾಸ್ತ್ರಿಗಳೇ. ಆಕೀನ ಹೇಳಿದ್ಲು, ಅವ್ವಾ, ಹೊಸಾ ನಂಬರ್ ಬರಕೋ ಅಂತ," ಎಂದು ಆ ತಾಯಿ ಸೆರಗಿನ ಗಂಟನ್ನು ಬಿಚ್ಚಿ ಇನ್ನೊಂದು ಚೀಟಿಯನ್ನು ನಮ್ಮ ಮುಂದೆ ಚಾಚಿದರು. ನಾವು ಆ ವಿದ್ಯಾರ್ಥಿಯನ್ನು ಕರೆದೆವು.